ನಾಲ್ಕನೇ ಮೂಲೆಯ ಜೋಳ

ಹೋದ ವರ್ಷ ಮೇ ತಿಂಗಳ ಕೊನೆಯ ಗುರುವಾರ ಸಂಜೆ ಬೀಸಿದ ಗಾಳಿಗೆ ಗಜೇಂದ್ರಗಡದ ನಮ್ಮ ಮನೆಯ ಬೆಳಕಿಂಡಿಯ ತಗಡು ಹಾರಿಹೋಯಿತು. ಕೆಳಗೆ ಮಗ್ಗವಿತ್ತು. ಮಗ್ಗದಲ್ಲಿ ಅರ್ಧ ನೇಯ್ದ ಸೀರೆ ಇತ್ತು. ವೈನಿ ಪಡಸಾಲೆಯಿಂದ ಕೌದಿಯೊಂದನ್ನು ಎಳೆದು ತಂದು ಅದರ ಮೇಲೆ ಹೊದಿಸಿದರು. ಸೀರೆ ಉಳಿಯಿತು. ಕೌದಿ ತೊಯ್ದುಹೋಯಿತು.

ಆ ದಿನ ನಾನು ಪತ್ರಿಕೆಗೆ ಕಳಿಸಿದ ಸುದ್ದಿಯಲ್ಲಿ ಇದು ಇರಲಿಲ್ಲ. ರೋಣದ ರಸ್ತೆಗೆ ಬೇವಿನ ಮರ ಅಡ್ಡ ಬಿದ್ದು ಬಸ್ಸುಗಳು ನಿಂತದ್ದು ಇತ್ತು, ಕರೆಂಟಿನ ಕಂಬಗಳು ವಾಲಿದ್ದು ಇತ್ತು. ಮನೆಯೊಳಗಿನದನ್ನು ಸುದ್ದಿ ಮಾಡಬಾರದು ಎಂದು ಡೆಸ್ಕಿನಲ್ಲಿ ಕಲಿತಿದ್ದೆ. ಈಗ ಬರೆಯುವಾಗಲೂ ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಇಡುತ್ತೇನೆ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ನಮ್ಮದು ನೇಕಾರರ ಮನೆ. ನೂಲಿಗೆ ಗಂಜಿ ಹಚ್ಚುವುದು, ಮಗ್ಗಕ್ಕೆ ಉದ್ದೆಳೆಗಳ ಹಾಸು ಹೂಡುವುದು ಅಣ್ಣನ ಕೆಲಸ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂತು ನೇಯುವುದು ವೈನಿಯದು. ಮಣ್ಣಿನ ಮಾಳಿಗೆಯ ಮನೆಯಾದ್ದರಿಂದ ಮಗ್ಗಕ್ಕೆ ಬೆಳಕು ಮೇಲಿನಿಂದಲೇ ಬರಬೇಕು. ಅದಕ್ಕೆಂದೇ ಮಾಳಿಗೆಯಲ್ಲಿ ಒಂದು ಚೌಕ ಬೆಳಕಿಂಡಿ. ಬಿಸಿಲಿದ್ದರೆ ತೆರೆದಿರುತ್ತದೆ, ಮೋಡ ಕಂಡರೆ ತಗಡು ಮುಚ್ಚಿ, ತಗಡಿನ ಮೇಲೆ ಕಲ್ಲು ಏರಿಸುತ್ತೇವೆ.

ಮಗ್ಗದಿಂದ ಎದ್ದ ಮೇಲೆಯೂ ವೈನಿಯ ಕೈ ಸುಮ್ಮನಿರುವುದಿಲ್ಲ. ಹಾಸು ಮುಗಿದಾಗ ಉಳಿಯುವ ನೂಲಿನ ತುದಿಗಳನ್ನು ಬೇರೆಯವರು ಎಸೆಯುತ್ತಾರೆ. ಅವು ನಮ್ಮ ಮನೆಯಲ್ಲಿ ಬಾಗಿಲ ತೋರಣವಾಗುತ್ತವೆ, ಕೊಡದ ಕೆಳಗಿನ ಸಿಂಬಿಯಾಗುತ್ತವೆ, ಮೊಸರಿನ ಗಡಿಗೆ ತೂಗುವ ನೆಲುವಾಗುತ್ತವೆ. ಅವರು ಒಂದನ್ನೂ ಅಳೆದು ಮಾಡಿದ್ದನ್ನು ನಾನು ನೋಡಿಲ್ಲ. ಗಡಿಗೆಯನ್ನು ಒಮ್ಮೆ ಕೈಯಿಂದ ಬಳಸಿ ಕೆಳಗಿಡುತ್ತಾರೆ. ಸಂಜೆ ಹೊತ್ತಿಗೆ ಆ ಗಡಿಗೆಗೆ ಸರಿಯಾದ ನೆಲುವು ತೊಲೆಗೆ ಜೋತಿರುತ್ತದೆ.

ಅಣ್ಣನ ಒಬ್ಬಳೇ ಮಗಳನ್ನು ನರಗುಂದಕ್ಕೆ ಕೊಟ್ಟಿದೆ. ಹೋದ ವರ್ಷ ಬೇಸಿಗೆಯಲ್ಲಿ ಅವಳು ಹೆರಿಗೆಗೆ ಬಂದಳು. ಹುಟ್ಟುವ ಕೂಸಿಗೆ ಹೊಸ ಬಟ್ಟೆ ಹಾಸುವುದಿಲ್ಲ, ನಾಲ್ಕು ಮಂದಿ ಉಟ್ಟು ಮೆತ್ತಗಾದ ಬಟ್ಟೆಯ ಕೌದಿಯೇ ಆಗಬೇಕು. ವೈನಿ ಕೆಲಸ ಹಿಡಿದರು. ತಳಕ್ಕೆ ಅಣ್ಣನ ಹಳೆಯ ದೋತರ. ಮೇಲಿನ ತುಂಡುಗಳಲ್ಲಿ ನನ್ನ ತಾಯಿ ತಾನೇ ನೇಯ್ದು ತಾನೇ ಉಟ್ಟು ಹರಿದ ಸೀರೆಯ ಸೆರಗು, ಮಗಳ ಸಾಲೆಯ ನೀಲಿ ಲಂಗ, ಖಣದ ಕುಪ್ಪಸದ ತೋಳು, ಎದುರು ಮನೆಯ ಖಾಲಾ ಕೊಟ್ಟ ದಿಂಬಿನ ಗಲೀಫು.

ಖಾಲಾ ಎಂದು ಓಣಿಯೆಲ್ಲ ಕರೆಯುವುದು ಗಾದಿ ಹೊಲಿಯುವ ಮನೆಯ ಹಿರಿಯಳನ್ನು. ಅವರ ಮನೆತನ ಅರಳೆ ಹಿಂಜಿ ಗಾದಿ ಮಾಡುವುದು. ಆಕೆಯ ದಬ್ಬಣ ದಪ್ಪ ಗಾದಿಯಲ್ಲಿ ಹೊಕ್ಕು ಹೊರಬರುವುದನ್ನು ನೋಡಿದರೆ ಒಳಗೆ ಅರಳೆ ಇದೆಯೋ ನೀರಿದೆಯೋ ಅನ್ನಿಸಬೇಕು. ಮಧ್ಯಾಹ್ನ ಊಟವಾದ ಮೇಲೆ ಆಕೆ ಬಂದು ಕೌದಿಯ ಒಂದು ಬದಿಗೆ ಕೂಡುವುದು, ವೈನಿ ಮಗ್ಗ ಬಿಟ್ಟು ಎದ್ದು ಇನ್ನೊಂದು ಬದಿಗೆ ಕೂಡುವುದು. ಅಂಚಿನಿಂದ ನಡುವಿನ ಕಡೆಗೆ ಹೊಲಿಗೆ ಸುತ್ತಿಕೊಂಡು ಹೋಗುತ್ತಿತ್ತು.

"ನಿನ್ನ ಹೊಲಗಿ ಏನವಾ, ಇರಿವಿ ಸಾಲ ಹೊಂಟಂಗ ಐತಿ," ಎನ್ನುತ್ತಿದ್ದರು ಖಾಲಾ.

"ನಿಮ್ಮದು ಎತ್ತಿನ ಹೆಜ್ಜಿ. ಕೂಸು ಹೊರಳಿದ್ರ ಬೆನ್ನಿಗೆ ಒತ್ತತೈತಿ."

"ಒತ್ತಲಿ ಬಿಡು. ಮೈ ಗಟ್ಟಿ ಆಗ್ತೈತಿ. ನನ್ನ ಗಾದಿ ಮ್ಯಾಲ ಮಲಗಿದವರು ಯಾರೂ ಇನ್ನಾತನಕ ಬೆನ್ನ ನೋವು ಅಂದಿಲ್ಲ."

"ಅನ್ನಾಕ ಅವರಿಗೆ ಧೈರ್ಯ ಎಲ್ಲೈತ್ರಿ, ಖಾಲಾ."

ನಮ್ಮ ಕಡೆ ಕೌದಿಯ ಮೂಲೆಗೆ ಹಿಡಿ ಜೋಳ ಹಾಕಿ ಹೊಲಿದು ಮುಚ್ಚುವ ಪದ್ಧತಿ ಇದೆ. ಅದಕ್ಕೆ ಕೌದಿಯ ಹೊಟ್ಟೆ ತುಂಬುವುದು ಎನ್ನುತ್ತಾರೆ. ಹಸಿದ ಕೌದಿಯ ಮೇಲೆ ಮಲಗಬಾರದು. ಒಮ್ಮೆ ಕಾಳು ಹಾಕಿ ಮುಚ್ಚಿದ ಮೂಲೆಯನ್ನು ಮತ್ತೆ ಬಿಚ್ಚಲೂಬಾರದು. ಇಷ್ಟು ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಎಲ್ಲರಿಗೂ ಗೊತ್ತಿಲ್ಲದ್ದು ಒಂದಿತ್ತು. ಅದಕ್ಕೆ ಎರಡು ವರ್ಷ ಮೊದಲೂ ಮಗಳು ಹೆರಿಗೆಗೆ ಬಂದಿದ್ದಳು. ಆಗಲೂ ವೈನಿ ಕೌದಿ ಹೊಲಿದಿದ್ದರು. ದಿನ ತುಂಬುವ ಮೊದಲೇ ನಾಲ್ಕೂ ಮೂಲೆ ಮುಚ್ಚಿ, ಮಡಿಸಿ, ತೊಟ್ಟಿಲಲ್ಲಿ ಇಟ್ಟಿದ್ದರು. ಕೂಸು ಉಳಿಯಲಿಲ್ಲ. ವೈದ್ಯರು ಕಾರಣ ಹೇಳಿದರು. ಕೌದಿಗೂ ಅದಕ್ಕೂ ಸಂಬಂಧವಿಲ್ಲ ಎಂಬುದು ವೈನಿಗೆ ತಿಳಿಯದ್ದಲ್ಲ. ಆದರೂ ಆ ಕೌದಿ ಟ್ರಂಕಿನ ತಳಕ್ಕೆ ಹೋದದ್ದು ಮತ್ತೆ ಹೊರಗೆ ಬರಲಿಲ್ಲ. ಈ ಸಲ ಮೂರು ಮೂಲೆಯನ್ನಷ್ಟೇ ಮುಚ್ಚುವುದು, ನಾಲ್ಕನೆಯದನ್ನು ಕೂಸು ಕೈಗೆ ಬಂದ ಮೇಲೆಯೇ ಮುಚ್ಚುವುದು ಎಂದು ಅವರು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದರು. ಯಾರಿಗೂ ಹೇಳಲಿಲ್ಲ. ಬಸುರಿ ಮನೆಯಲ್ಲಿದ್ದಾಗ ಅಂಥ ಮಾತು ಎತ್ತುವುದಿಲ್ಲ.

ಬುಧವಾರ, ಅಂದರೆ ಗಾಳಿಯ ಹಿಂದಿನ ದಿನ, ವೈನಿ ಮಗಳನ್ನು ಕರೆದುಕೊಂಡು ತಪಾಸಣೆಗೆ ರೋಣದ ದವಾಖಾನೆಗೆ ಹೋದರು. ನಾನು ಸುದ್ದಿಗೆಂದು ನರಗುಂದಕ್ಕೆ ಹೋಗಿದ್ದೆ. ಮನೆಯಲ್ಲಿ ಏನಾಯಿತು ಎಂಬುದನ್ನು ಖಾಲಾ ಹೇಳಿದಂತೆ ಬರೆಯುತ್ತೇನೆ. ಆಕೆ ಮಧ್ಯಾಹ್ನ ಬಂದರು. ಕೌದಿ ಪಡಸಾಲೆಯಲ್ಲಿ ಹಾಸಿತ್ತು. ಹೊಲಿಗೆಯೆಲ್ಲ ಮುಗಿದಿತ್ತು, ಒಂದು ಮೂಲೆ ಮಾತ್ರ ತೆರೆದಿತ್ತು. ಪಾಪ, ದವಾಖಾನೆಯ ಓಡಾಟದಲ್ಲಿ ಬಿಟ್ಟುಹೋಗಿದ್ದಾಳೆ ಎಂದುಕೊಂಡರು. ಅಡುಗೆ ಮನೆಯ ಡಬ್ಬಿಯಿಂದ ಜೋಳ ತೆಗೆದು ಮೂಲೆಗೆ ಹಾಕಿದರು, ಗಾದಿಗೆ ಹಾಕುವ ದಪ್ಪ ದಾರದಿಂದ ಹೊಲಿದು ಗಂಟು ಬಿಗಿದರು. ಗಾದಿ ಮನೆಯವರು ಬಾಯಿ ತೆರೆದ ಕೆಲಸವನ್ನು ರಾತ್ರಿಗೆ ಬಿಡುವುದಿಲ್ಲ.

ಸಂಜೆ ನಾನು ಬರುವಾಗ ತಾಯಿ ಮಗಳಿಬ್ಬರೂ ಆಗಷ್ಟೇ ಬಸ್ಸಿಳಿದು ಬಂದಿದ್ದರು. ಮಗಳು ಗೋಡೆಗೆ ಒರಗಿ ನೀರು ಕುಡಿಯುತ್ತಿದ್ದಳು. ಖಾಲಾ ಕೌದಿಯ ಪಕ್ಕದಲ್ಲೇ ಕೂತಿದ್ದರು.

"ನೋಡು. ನೀ ಬರೋದ್ರಾಗ ಮುಗಿಸಿಬಿಟ್ಟೇನಿ. ಹೊಟ್ಟಿ ತುಂಬ ಜ್ವಾಳ ಹಾಕೇನಿ."

ವೈನಿ ಬಾಗಿ ಮೂಲೆಯನ್ನು ಮುಟ್ಟಿದರು. ಒಂದಿಷ್ಟು ಹೊತ್ತು ಮುಟ್ಟಿಕೊಂಡೇ ಇದ್ದರು.

"ಯಾಕ? ಚಲೋ ಆಗಿಲ್ಲೇನು?"

"ಭಾಳ ಚಲೋ ಆಗೈತ್ರಿ. ನನಗ ಒಂದು ಮಾತು ಕೇಳಬೇಕಿತ್ತು."

"ಕೌದಿ ಮೂಲಿ ಮುಚ್ಚಾಕ ಅಪ್ಪಣಿ ಬೇಕೇನ ನನಗ? ನಿಮ್ಮತ್ತಿ ಕೌದಿ ಮುಚ್ಚಿದಾಕಿ ನಾನು. ನಿನ್ನ ಮಗಳು ಹುಟ್ಟಿದಾಗ ಮುಚ್ಚಿದಾಕಿನೂ ನಾನು."

"ಹೌದ್ರಿ. ಚಾ ಮಾಡ್ತೀನಿ, ಕೂಡ್ರಿ."

ಚಹಾ ಮಾಡಿ ಕೊಟ್ಟರು. ಖಾಲಾ ಕುಡಿದು ಹೋದರು. ಆಮೇಲೆ ವೈನಿ ಕತ್ತರಿ ತೆಗೆದುಕೊಂಡು ಕೌದಿಯ ಮುಂದೆ ಕೂತರು. ಕತ್ತರಿಯ ಬಾಯನ್ನು ಆ ದಪ್ಪ ದಾರದ ಕೆಳಗೆ ಹಾಕಿದರು, ತೆಗೆದರು. ಮತ್ತೆ ಹಾಕಿದರು. ಕಾಳು ತುಂಬಿ ಮುಚ್ಚಿದ್ದನ್ನು ಬಿಚ್ಚಬಾರದು. ಮುಚ್ಚಿದ್ದನ್ನು ಹಾಗೇ ಬಿಡಲು ಅವರ ಎದೆ ಒಪ್ಪುತ್ತಿರಲಿಲ್ಲ. ಕೊನೆಗೆ ಕತ್ತರಿಯನ್ನು ಗೂಡಿನಲ್ಲಿಟ್ಟು ರೊಟ್ಟಿ ಬಡಿಯಲು ಎದ್ದರು. ಅವತ್ತಿನ ರೊಟ್ಟಿ ಬಡಿಯುವ ಸಪ್ಪಳ ದಿನದಂತೆ ಇರಲಿಲ್ಲ. ನಾನು ಯಾಕೆಂದು ಕೇಳಲಿಲ್ಲ, ಆಗ ನನಗೂ ಗೊತ್ತಿರಲಿಲ್ಲ.

ಗುರುವಾರ ಬೆಳಗಿನಿಂದಲೇ ಸೆಕೆ. ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಮೇಲಿನ ಕೋಟೆಯ ಗೋಡೆ ಧೂಳಿನಲ್ಲಿ ಮರೆಯಾಯಿತು. ಅಣ್ಣ ಮಾಳಿಗೆ ಹತ್ತಿ ಬೆಳಕಿಂಡಿ ಮುಚ್ಚಿ, ಕಲ್ಲು ಏರಿಸಿ ಇಳಿದ. ಸಂಜೆ ಗಾಳಿ ಬಂತು. ಅದು ಮೊದಲು ಓಣಿಯ ಸಪ್ಪಳವನ್ನೆಲ್ಲ ನುಂಗಿತು. ನಾಯಿ ಬೊಗಳುವುದು, ಎಲ್ಲಿಯೋ ಹೊಡೆಯುತ್ತಿದ್ದ ಬೋರಿನ ಸದ್ದು, ಒಂದೂ ಕೇಳಲಿಲ್ಲ. ಆಮೇಲೆ ಮಾಳಿಗೆಯ ಮೇಲೆ ಕಲ್ಲು ಉರುಳಿದ ಸದ್ದು, ಅದರ ಹಿಂದೆ ತಗಡು ಎದ್ದ ಸದ್ದು. ಆ ತಗಡು ಮಾರನೆಯ ದಿನ ಪಕ್ಕದ ಓಣಿಯ ನಲ್ಲಿಯ ಹತ್ತಿರ ಸಿಕ್ಕಿತು.

ಬೆಳಕಿಂಡಿಯಿಂದ ಮೊದಲು ಬಿದ್ದದ್ದು ಆಣೆಕಲ್ಲು. ಹಾಸಿನ ಮೇಲೆ ಬಿದ್ದು ಪುಟಿದವು. ಹಿಂದೆಯೇ ನೀರು. ಗಂಜಿ ಹಚ್ಚಿದ ಹಾಸು ತೊಯ್ದರೆ ಎಳೆಗಳು ಒಂದಕ್ಕೊಂದು ಅಂಟುತ್ತವೆ, ಒಣಗಿದ ಮೇಲೆ ಮುರಿಯುತ್ತವೆ. ಅಣ್ಣ ಅದರ ಹಿಂದೆ ಎಷ್ಟೋ ದಿನ ದುಡಿದಿದ್ದ. ನೇಕಾರರ ಮನೆಯಲ್ಲಿ ನೀರು ಬಂದರೆ ಕಾಳಿನ ಚೀಲ, ಹಾಸಿಗೆ, ಬಟ್ಟೆ ಎಲ್ಲ ಆಮೇಲೆ. ಮೊದಲು ಹಾಸು. ವೈನಿ ಪಡಸಾಲೆಗೆ ಓಡಿದರು. ಕೈಗೆ ಸಿಕ್ಕಿದ್ದು ಕೌದಿ. ಅದು ಯಾವ ಕೌದಿ ಎಂದು ನೋಡಲು ನಿಂತಿದ್ದರೆ ಹಾಸು ಉಳಿಯುತ್ತಿರಲಿಲ್ಲ. ಅವರು ನಿಲ್ಲಲಿಲ್ಲ.

ನಾನೂ ಅಣ್ಣನೂ ಮಾಳಿಗೆ ಹತ್ತಿದೆವು. ಗಾಳಿಗೆ ನೆಟ್ಟಗೆ ನಿಲ್ಲಲಾಗಲಿಲ್ಲ, ಬಗ್ಗಿಕೊಂಡೇ ಹೋಗಿ ಹಳೆಯ ಬಾಗಿಲ ಹಲಗೆಯನ್ನು ಕಿಂಡಿಯ ಮೇಲೆ ಎಳೆದೆವು. ಅದು ಪೂರಾ ಮುಚ್ಚಲಿಲ್ಲ. ಅಷ್ಟರಲ್ಲಿ ಕೆಳಗೆ ಖಾಲಾನ ದನಿ ಕೇಳಿತು. ಆಣೆಕಲ್ಲು ಬೀಳುವ ಹೊತ್ತಿಗೆ ಆಕೆ ತಲೆಯ ಮೇಲೆ ಹಿಟ್ಟು ನಾದುವ ಪರಾತ ಬೋರಲು ಹಾಕಿಕೊಂಡು ಓಣಿ ದಾಟಿ ಬಂದಿದ್ದರು. ಕಂಕುಳಲ್ಲಿ ಗಾದಿಗಳಿಗೆ ಹೊದಿಸುವ ನೀಲಿ ತಾಡಪತ್ರಿ.

"ಗಂಡಸರಿಬ್ಬರು ಮ್ಯಾಲ ಏನ ಮಾಡಾಕತ್ತೀರಿ, ಗಾಳಿಪಟ ಹಾರಸಾಕತ್ತೀರೇನು? ಹಿಡಕೋರಿ ಇದನ್ನ!"

ತಾಡಪತ್ರಿ ಹೊದಿಸಿ, ಸುತ್ತ ಕಲ್ಲು ಏರಿಸಿದೆವು. ಇಳಿದು ಬಂದಾಗ ಮಗ್ಗದ ಕುಣಿಯಲ್ಲಿ ಮೊಣಕಾಲಷ್ಟು ನೀರು. ವೈನಿ ಕುಣಿಯೊಳಗೇ ನಿಂತು, ಕೌದಿಯ ತುದಿಯನ್ನು ಎರಡೂ ಕೈಯಿಂದ ಎತ್ತಿ ಹಿಡಿದಿದ್ದರು, ಅದು ಕುಡಿದ ನೀರು ಹಾಸಿನ ಮೇಲೆ ಇಳಿಯದಂತೆ. ಮಗಳು ಬಾಗಿಲಲ್ಲಿ ನಿಂತು, "ಅವ್ವಾ, ಮ್ಯಾಲ ಬಾ, ಜಾರ್ತೈತಿ," ಅನ್ನುತ್ತಿದ್ದಳು.

"ನೀ ಅಲ್ಲೇ ನಿಂದರು. ಒಂದು ಹೆಜ್ಜಿ ಇಡಬ್ಯಾಡ. ಜಾರಿದ್ರ ನಾ ಜಾರ್ತೀನಿ."

ಕೌದಿಯನ್ನು ಎತ್ತಲು ನಾವು ಮೂವರೂ ಬೇಕಾದೆವು. ಕೆಳಗೆ ಹಾಸು ಅಂಚಿನಲ್ಲಿ ಅಲ್ಲಲ್ಲಿ ಹನಿ ಕಂಡದ್ದು ಬಿಟ್ಟರೆ ಒಣಗಿತ್ತು. ಅಣ್ಣ ಅದರ ಮೇಲೆ ಅಂಗೈ ಆಡಿಸಿದ. "ಉಳೀತು," ಎಂದ. ವೈನಿ ಹಿಂಡಿದ ಕೌದಿಯನ್ನು ಪಡಸಾಲೆಯ ತೊಲೆಗೆ ನೇತುಹಾಕಿದರು. ನೀರೆಲ್ಲ ಕೆಳಗೆ ಜೋತ ನಾಲ್ಕನೇ ಮೂಲೆಗೇ ಇಳಿದು ಅಲ್ಲಿಂದ ತೊಟ್ಟಿಕ್ಕುತ್ತಿತ್ತು.

ಮರುದಿನದಿಂದ ಬಿಸಿಲೇ ಬರಲಿಲ್ಲ. ಜಿಟಿಜಿಟಿ ಮಳೆ. ಕರೆಂಟು ಇರಲಿಲ್ಲ. ವೈನಿ ಹಗಲೆಲ್ಲ ಮಗ್ಗದಲ್ಲಿದ್ದರು. ತೊಯ್ದ ಎಳೆಗಳನ್ನು ಹುಡುಕಿ, ಒಂದೊಂದನ್ನೇ ಬಿಡಿಸಿ, ಮುರಿದದ್ದಕ್ಕೆ ಗಂಟು ಕೊಟ್ಟು, ಆ ಗಂಟು ಸೀರೆಯಲ್ಲಿ ಕಾಣದಂತೆ ಒತ್ತಿ ಕೂಡಿಸುತ್ತಿದ್ದರು. ಆಮೇಲೆ ಆ ಸೀರೆ ಮಡಿಕೆಯಾದಾಗ ಗಂಟು ಎಲ್ಲಿದೆ ಎಂದು ನಾನು ಹುಡುಕಿದೆ. ಅಣ್ಣನೂ ಹುಡುಕಿದ. ನಮಗೆ ಸಿಗಲಿಲ್ಲ. ಈ ಗಡಿಬಿಡಿಯಲ್ಲಿ ಕೌದಿ ತೊಲೆಯ ಮೇಲೇ ಉಳಿಯಿತು. ನಮ್ಮಲ್ಲಿ ಕೌದಿ ಒಗೆಯುವುದು ಬೇಸಿಗೆಯಲ್ಲಿ ಮಾತ್ರ. ಬೆಳಿಗ್ಗೆ ಒಗೆದದ್ದು ಸಂಜೆಗೆ ಗರಿಗರಿ ಒಣಗುತ್ತದೆ. ಅಷ್ಟು ದಿನ ಹಸಿಯಾಗಿ ಉಳಿದ ಕೌದಿಯನ್ನು ಓಣಿಯಲ್ಲಿ ಯಾರೂ ಕಂಡಿರಲಿಲ್ಲ.

ಸೋಮವಾರ ಬೆಳಿಗ್ಗೆ ಮಗಳು ಕೂಗಿದಳು. "ಅವ್ವಾ, ಕೌದ್ಯಾಗ ಹುಲ್ಲ ಹುಟ್ಟೈತಿ!"

ವೈನಿ ಮಗ್ಗದಿಂದ ಎದ್ದು ಬಂದರು. ಮೇಲಿನ ಮೂರು ಮೂಲೆ ಹಾಗೇ ಇದ್ದವು, ನೀರು ನಿಂತ ನಾಲ್ಕನೇ ಮೂಲೆ ಉಬ್ಬಿ ಗಟ್ಟಿಯಾಗಿತ್ತು. ಹೊಲಿಗೆಯ ಸಂದಿನಿಂದ ಎಳೆಯ ಹಸಿರು ಮೊಳಕೆಗಳು ಹೊರಬಂದಿದ್ದವು. ಬಿಳಿ ಬೇರು ನನ್ನ ತಾಯಿಯ ಸೆರಗಿನ ಕೆಂಪಿನಲ್ಲಿ ಹೊಕ್ಕು ಇಳಿದಿತ್ತು. ಊದಿದ ಕಾಳಿನ ಒತ್ತಡಕ್ಕೆ ಖಾಲಾನ ದಪ್ಪ ದಾರ ಮುರಿದಿರಲಿಲ್ಲ. ಹಳೆಯ ಬಟ್ಟೆಯೇ ದಾರದ ಗುಂಟ ಸೀಳಿ ಮೂಲೆ ಬಾಯಿ ಬಿಟ್ಟಿತ್ತು.

ನಾನು ವೈನಿಯ ಮುಖ ನೋಡಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ನಗುತ್ತ ಕೆಳಗೆ ಕೂತುಬಿಟ್ಟರು.

"ಹೋಗು ತಮ್ಮಾ," ಎಂದರು ನನಗೆ, "ಖಾಲಾನ ಕರಕೊಂಡು ಬಾ. ಹೊಲ ಬಿತ್ತಿ ಹೋಗ್ಯಾರ, ಬಂದು ನೋಡಲಿ."

ಖಾಲಾ ಬಂದರು, ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಅರೆ. ನಮ್ಮಜ್ಜನ ಕಾಲದಿಂದ ಗಾದಿ ಹೊಲೀತೇವಿ. ಬೆಳಿ ಬಂದಿದ್ದು ಇದಽ ಮೊದಲು."

"ಕಳೆ ತಗಿಯಾಕ ಆಳ ಹಚ್ಚೋಣೇನ್ರಿ?"

"ನನ್ನ ಹೊಲಗಿ ಬಿಚ್ಚಿಲ್ಲ, ನೋಡು. ನಿನ್ನ ಅರಿವಿ ಹರದೈತಿ. ನನ್ನ ಹೊಲಗಿಗೆ ಹೆಸರ ಇಡಬ್ಯಾಡ."

"ಇಡಂಗಿಲ್ರಿ. ಯಾರೂ ಬಿಚ್ಚಿಲ್ಲ ಅದನ್ನ. ತಾನಽ ಬಾಯಿ ತೆರೀತು."

ಈ ಮಾತನ್ನು ಅವರು ಎರಡು ಸಲ ಹೇಳಿದರು. ಎರಡನೆಯ ಸಲ ನಗು ಇರಲಿಲ್ಲ. ಖಾಲಾ ಅವರ ಮುಖ ನೋಡಿ, "ಒಳಗ ನಡಿ," ಎಂದರು. ಇಬ್ಬರೂ ಅಡುಗೆ ಮನೆಗೆ ಹೋದರು. ಒಳಗೆ ಸಣ್ಣ ದನಿಯಲ್ಲಿ ಮಾತು ನಡೆಯಿತು. ಟ್ರಂಕಿನ ತಳದ ಕೌದಿಯ ಸಂಗತಿ, ಈ ಸಲದ ಮೂಲೆಯ ಸಂಗತಿ ವೈನಿಯ ಬಾಯಿಂದ ಹೊರಬಂದದ್ದು ಅವತ್ತು. ನನಗೆ ಹೇಳಿದ್ದು ಖಾಲಾ, ಅದೂ ಆಮೇಲೆ. ಆಗ ಹೊರಗೆ ಕೇಳಿದ್ದು ಖಾಲಾ ದನಿ ಏರಿಸಿದ ಒಂದೇ ಮಾತು: "ಹುಚ್ಚಿ! ನನಗ ಮೊದಲಽ ಹೇಳಬೇಕಿಲ್ಲೇನ?"

ಹೊರಗೆ ಬಂದ ಖಾಲಾ ದಬ್ಬಣ ತೆಗೆದು, ತಾವು ಹಾಕಿದ ದಾರವನ್ನು ತಾವೇ ಎಳೆದು ತೆಗೆದರು. ಬಾಯಿ ತೆರೆದ ಮೂಲೆಗೆ ಬಿಚ್ಚಬಾರದೆಂಬ ಕಟ್ಟು ಉಳಿದಿರಲಿಲ್ಲ. ವೈನಿ ಮೊಳಕೆಗಳ ಬೇರು ಹರಿಯದಂತೆ ಬಟ್ಟೆಯ ಎಳೆಗಳನ್ನು ಉಗುರಿನಿಂದ ಒಂದೊಂದಾಗಿ ಸರಿಸಿ ಬಿಡಿಸಿದರು. ತೊಯ್ದ ಹಾಸು ಬಿಡಿಸಿದ ಕೈಯೇ ಅದು. ಹಿತ್ತಲಲ್ಲಿ ಒಗೆಯುವ ಕಲ್ಲಿನ ಪಕ್ಕ ಅವನ್ನು ಸಾಲಾಗಿ ಊರಿದರು.

ಮುಶಿಗೇರಿಯಿಂದ ಮೊಸರು ತರುವ ಅಜ್ಜಿ ಅವನ್ನು ನೋಡಿ ನಿಂತಳು.

"ಇದೇನವಾ, ಜ್ವಾಳ? ಯಾವ ಜ್ವಾಳ?"

"ರೊಟ್ಟಿ ಜ್ವಾಳ, ಅಜ್ಜಿ. ಡಬ್ಬ್ಯಾಗಿಂದು."

"ಅದು ಹಿಂಗಾರಿ ಜ್ವಾಳ. ಈಗ ಹಚ್ಚಿದ್ರ ಬರೇ ದಂಟು, ಕಣಿಕಿ ಬರ್ತೈತಿ. ತೆನಿ ಆಸೆ ಬಿಡು."

"ಬರ್ಲಿ ಬಿಡ್ರಿ. ಏನ ಬರ್ತೈತೋ ನೋಡೋಣಂತ."

ಜೂನ್ ಎರಡನೇ ವಾರ ರೋಣದ ದವಾಖಾನೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ಹುಟ್ಟಿದ ತಕ್ಷಣ ಅತ್ತಿತು. ಹೊರಗಿನ ಬೆಂಚಿನ ಮೇಲೆ ವೈನಿ, ಖಾಲಾ ಇಬ್ಬರೂ ಕೂತಿದ್ದರು. ಆ ಅಳು ಕೇಳಿ ಖಾಲಾ ವೈನಿಯ ಕೈ ಹಿಡಿದರು.

ತೊಟ್ಟಿಲ ದಿನ ಕೌದಿಯನ್ನು ಹಾಸಿದರು. ಒಗೆದು ಒಣಗಿಸಿದ್ದರು. ಹರಿದ ಮೂಲೆಗೆ ನನ್ನ ತಾಯಿಯ ಸೆರಗಿನದೇ ಇನ್ನೊಂದು ತುಂಡು ಕೂಡಿಸಿದ್ದರು, ಬಾಯಿ ಮಾತ್ರ ತೆರೆದೇ ಇತ್ತು. ಖಾಲಾ ಮುಷ್ಟಿಯಲ್ಲಿ ಜೋಳ ಹಿಡಿದು ಬಂದಿದ್ದರು.

"ಇವತ್ತು ಮುಚ್ಚೋಣ. ಕೇಳಾಕತ್ತೇನಿ, ನೋಡು. ಈ ಸಲ ಕೇಳಿಽ ಮುಚ್ತೀನಿ."

"ಇವತ್ತ ಬ್ಯಾಡ್ರಿ," ಎಂದರು ವೈನಿ. "ಹಿತ್ತಲ ಜ್ವಾಳ ಬರ್ಲಿ. ಅದಽ ಹಾಕೋಣ."

"ಅದು ಬರೇ ಕಣಿಕಿ ಅಂದಾಳಲ್ಲ ಮುಶಿಗೇರಿ ಮುದಕಿ."

"ಐದು ತಿಂಗಳಿಗೆ ಕೂಸು ನರಗುಂದಕ್ಕ ಹೋಗ್ತೈತಿ. ಅಲ್ಲಿತನ ನೋಡೋಣ. ಬರಲಿಲ್ಲಾಂದ್ರ ನಿಮ್ಮ ಮುಷ್ಟಿ ಐತಲ್ಲ."

"ಅಲ್ಲಿತನ ಕೌದಿ ಹಸಗೊಂಡಽ ಇರಬೇಕೇನ?"

"ಮೂರು ಮೂಲ್ಯಾಗ ಐತಲ್ರಿ. ಒಂದು ಹೊತ್ತು ಬಿಟ್ರ ಏನಾಗಂಗಿಲ್ಲ."

ಖಾಲಾ ಜೋಳವನ್ನು ಅಂಗಳದ ಗುಬ್ಬಿಗಳಿಗೆ ಚೆಲ್ಲಿ ಒಳಗೆ ಬಂದು ಕೂಸನ್ನು ಎತ್ತಿಕೊಂಡರು.

ಊರಿದ ಸಸಿಗಳಲ್ಲಿ ಕೆಲವನ್ನು ಆಡು ತಿಂದಿತು. ಕೆಲವು ಸೋಪಿನ ನೀರಿಗೆ ಸೊರಗಿದವು. ಗೋಡೆಯ ಮಗ್ಗುಲಿನ ಒಂದೇ ಒಂದು ನಿಂತಿತು. ಅದು ಹೊಲದ ಜೋಳದಂತೆ ಬೆಳೆಯಲಿಲ್ಲ. ಗೋಡೆಗಿಂತ ಎತ್ತರ ಎದ್ದಿತು, ಎಲೆಯ ಮೇಲೆ ಎಲೆ ಬಿಟ್ಟಿತು. ಗಾಳಿ ಬಂದಾಗೆಲ್ಲ ಬಾಗುತ್ತಿತ್ತು. ವೈನಿ ಹಾಸಿನ ಉಳಿದ ನೂಲನ್ನು ಹೊಸೆದು ಹಗ್ಗ ಮಾಡಿ, ಅದನ್ನು ಒಂದು ಬಿದಿರಿಗೆ ಕಟ್ಟಿದರು. ಅದು ಬೆಳೆದಂತೆ ಕಟ್ಟನ್ನು ಮೇಲಕ್ಕೆ ಸರಿಸುತ್ತ ಹೋದರು. ಕೆಂಪು, ಹಸಿರು, ಕಪ್ಪು ರೇಷ್ಮೆಯ ಎಳೆ ಕಟ್ಟಿಕೊಂಡ ಜೋಳದ ದಂಟನ್ನು ನಾನು ಬೇರೆಲ್ಲೂ ನೋಡಿಲ್ಲ.

ಮಳೆಗಾಲದ ನಡುವೆ ಮಲಪ್ರಭೆ ಏರಿ ಮೆಣಸಗಿಯ ತಗ್ಗಿನ ಮನೆಗಳಿಗೆ ನೀರು ಬಂದಿತು. ಸುದ್ದಿಗೆ ಹೋಗಿದ್ದೆ. ನೀರು ಇಳಿದ ಮೇಲೆ ಜನ ಸಾಮಾನು ಒಣಹಾಕುತ್ತಿದ್ದರು. ಸಾಲೆಯ ಕಂಪೌಂಡಿನ ಉದ್ದಕ್ಕೂ ಕೌದಿಗಳು. ನಾನು ಮೂಲೆಗಳನ್ನು ನೋಡುತ್ತ ಹೋದೆ. ಒಂದರಲ್ಲೂ ಹಸಿರು ಇರಲಿಲ್ಲ.

ಕೌದಿ ತಿರುವಿ ಹಾಕುತ್ತಿದ್ದ ಹೆಣ್ಣುಮಗಳೊಬ್ಬಳು, "ಏನ ನೋಡಾಕತ್ತೀರಿ?" ಎಂದಳು.

"ಮೂಲ್ಯಾಗ ಜ್ವಾಳ ಹಾಕೀರೇನವಾ?"

"ಜ್ವಾಳ ಯಾಕ ಹಾಕೋಣ್ರಿ? ಹೊಳಿ ಬಂದಾಗ ಮೊಳಿತಾವ. ನಾವು ಒಣರೊಟ್ಟಿ ಚೂರ ಹಾಕ್ತೇವಿ."

ಅಲ್ಲಿಂದಲೇ ಮನೆಗೆ ಫೋನು ಮಾಡಿ ಇದನ್ನು ಹೇಳಿದೆ. ವೈನಿ ಮೊದಲು ಹೊಳೆಯ ನೀರು, ಜನ, ಜಾನುವಾರು ಎಲ್ಲ ವಿಚಾರಿಸಿದರು. ಯಾರಿಗೂ ಏನೂ ಆಗಿಲ್ಲ ಎಂದ ಮೇಲೆ, "ಶಾಣ್ಯಾರು," ಎಂದರು. "ನಮಗೆಲ್ಲಿ ಹೊಳಿ ಐತಿ? ನಮ್ಮ ಮಾಳಗಿಗೆ ಕಿಂಡಿ ಐತಿ ಅನ್ನೋದಽ ನೆನಪಿರಲಿಲ್ಲ ನನಗ." ಹಿಂದಿನಿಂದ ಖಾಲಾ ಏನೋ ಕೂಗಿದರು. "ಏನಂತಾರ?" ಎಂದೆ. "ಒಣರೊಟ್ಟಿ ಹಾಕಿದ್ರ ಇಲಿ ಬರ್ತಾವ ಅಂತ. ಸೋಲೋದಿಲ್ಲ ಅವರು."

ದೀಪಾವಳಿಯ ಹೊತ್ತಿಗೆ ಹಿತ್ತಲ ದಂಟಿನ ತುದಿಯಲ್ಲಿ ತೆನೆ ಕಂಡಿತು. ಸಣ್ಣ ತೆನೆ, ಅಲ್ಲಲ್ಲಿ ಕಾಳು. ಗುಬ್ಬಿ ಬರದಂತೆ ಖಾಲಾ ಗಾದಿಯ ಬಟ್ಟೆಯಿಂದ ಅದಕ್ಕೊಂದು ಚೀಲ ಹೊಲಿದು ತೊಡಿಸಿದರು, ಕಾಲುಚೀಲದಂತೆ. ಮುಶಿಗೇರಿಯ ಅಜ್ಜಿ ಚೀಲ ಸರಿಸಿ ನೋಡಿ, "ಒಂದು ರೊಟ್ಟಿಗೂ ಆಗಂಗಿಲ್ಲ," ಎಂದಳು. "ರೊಟ್ಟಿಗೆ ಅಲ್ಲಜ್ಜಿ," ಎಂದರು ವೈನಿ, ಅವಳ ಬುಟ್ಟಿ ಇಳಿಸಿಕೊಳ್ಳುತ್ತ.

ನವೆಂಬರಿನಲ್ಲಿ, ಮಗಳು ನರಗುಂದಕ್ಕೆ ಹೊರಡುವ ಹಿಂದಿನ ದಿನ ಮಧ್ಯಾಹ್ನ, ಕೌದಿಯನ್ನು ಪಡಸಾಲೆಯಲ್ಲಿ ಹಾಸಿದರು. ಕೂಸು ಅದರ ನಡುವೆ ಬೋರಲಾಗಿ ಮಲಗಿ ನೀಲಿ ಲಂಗದ ತುಂಡನ್ನು ಚೀಪುತ್ತಿತ್ತು. ತೆನೆ ತಿಕ್ಕಿದರೆ ವೈನಿಯ ಅಂಗೈ ಅರ್ಧವೂ ತುಂಬಲಿಲ್ಲ.

"ಹುರದು ಹಾಕು," ಎಂದರು ಖಾಲಾ. "ಮತ್ತ ಹುಟ್ಟಬಾರದು. ನರಗುಂದದ ಬೀಗರು ಏನಂದಾರು?"

"ಹುರದ ಕಾಳು ಬ್ಯಾಡ್ರಿ."

"ಮತ್ತ ತೊಯ್ತಂದ್ರ?"

"ತೊಯ್ಲಿ. ಹುಟ್ಟಿದ್ರ ಹುಟ್ಟಲಿ. ಹುಟ್ಟೋ ಕಾಳಽ ಹಾಕ್ತೀನಿ."

ಖಾಲಾ ದಬ್ಬಣಕ್ಕೆ ದಾರ ಪೋಣಿಸಿ ವೈನಿಯ ಕಡೆ ಚಾಚಿದರು. ವೈನಿ ತೆಗೆದುಕೊಳ್ಳಲಿಲ್ಲ. "ನೀವಽ ಮುಚ್ಚರಿ," ಎಂದರು. "ನಮ್ಮತ್ತಿದು ಮುಚ್ಚಿದವರು ನೀವು. ನನ್ನ ಮಗಳದು ಮುಚ್ಚಿದವರು ನೀವು." ಕಾಳನ್ನು ವೈನಿ ಹಾಕಿದರು, ಮೂಲೆಯನ್ನು ಖಾಲಾ ಹೊಲಿದರು. ಈ ಸಲ ದಪ್ಪ ದಾರ ಹಾಕಲಿಲ್ಲ. ವೈನಿಯ ಹೊಲಿಗೆಯಷ್ಟೇ ಸಣ್ಣದಾಗಿ ಹೊಲಿದರು. ಆ ಮೂಲೆಯಲ್ಲಿ ಯಾರ ಹೊಲಿಗೆ ಎಲ್ಲಿ ಮುಗಿಯುತ್ತದೆ, ಯಾರದು ಎಲ್ಲಿ ಶುರುವಾಗುತ್ತದೆ ಎಂದು ಗುರುತಿಸಲು ನನಗೆ ಆಗಲಿಲ್ಲ.

ಈ ವರ್ಷ ಬೇಸಿಗೆಯಲ್ಲಿ ನರಗುಂದದ ಮನೆಯವರು ಕೌದಿ ಒಗೆದು ಮಾಳಿಗೆಯ ಮೇಲೆ ಹಾಕಿದ್ದರು. ಮಧ್ಯಾಹ್ನ ಅಡ್ಡಮಳೆ ಬಂದು ಪೂರ್ತಿ ತೊಯ್ದಿತು. ಅಂದಿನಿಂದ ಮಗಳು ದಿನಾ ಬೆಳಿಗ್ಗೆ ತಾಯಿಗೆ ಫೋನು ಮಾಡುತ್ತಿದ್ದಾಳೆ. ಕೂಸು ಗೋಡೆ ಹಿಡಿದು ನಡೆಯುತ್ತಿದೆ. ಬೀಗಿತಿ ಮುಂಜಾನೆ ಎದ್ದ ಕೂಡಲೇ ಕೌದಿಯ ಮೂಲೆ ನೋಡುತ್ತಾರಂತೆ. ನಿನ್ನೆಯವರೆಗೆ ಮೊಳಕೆ ಕಂಡಿಲ್ಲ.